ಕೋಳಿಗೂಡಿನ ರಾತ್ರಿಪಾಳಿ

ಮದೀನತ್ ಜಾಯೆದ್‌ನಲ್ಲಿ ಮರ್ಯಾದೆ ಇರುವ ಪ್ರಾಣಿ ಒಂಟೆ. ಅಬುಧಾಬಿಯಿಂದ ಲಿವಾದ ಮರಳುಗುಡ್ಡಗಳ ಕಡೆಗೆ ಹೋಗುವಾಗ ಸಿಗುವ ಈ ಊರಿನ ಪಕ್ಕದಲ್ಲಿ ಚಳಿಗಾಲ ಬಂತೆಂದರೆ ಅಲ್ ದಫ್ರಾ ಉತ್ಸವ. ಒಂಟೆಯ ಕತ್ತು, ತುಟಿ, ಡುಬ್ಬ ನೋಡಿ ಅಂಕ ಕೊಡುತ್ತಾರೆ. ಗೆದ್ದ ಒಂಟೆಯ ಬೆಲೆ ಕೇಳಿದರೆ ನಮ್ಮಂಥ ಸಂಬಳದವರ ಬಾಯಿ ಒಣಗುತ್ತದೆ. ಅದೇ ಒಂಟೆಯ ಇಜ್ಬಾದ, ಅಂದರೆ ದೊಡ್ಡಿಯ, ಮೂಲೆಯಲ್ಲಿ ಮೇವು ಕೆದಕುವ ನಾಲ್ಕು ಕೋಳಿಗಳತ್ತ ತಿರುಗಿ ನೋಡುವವರು ನಾವು, ದಕ್ಷಿಣ ಕನ್ನಡದವರು. ಊರ ಕೋಳಿ ಕಂಡರೆ ನಮಗೆ ಮೊದಲು ಮಸಾಲೆ ನೆನಪಾಗುತ್ತದೆ, ಆಮೇಲೆ ಅಮ್ಮ.

ಇಲ್ಲಿ ಊರ ಕೋಳಿಗೆ ಬಲದಿ ಎನ್ನುತ್ತಾರೆ. ಸರ್ಕಾರ ಕಟ್ಟಿಸಿಕೊಟ್ಟ ಹಳೆಯ ಶಾಬಿಯಾ ಮನೆಯ ಕಾಂಪೌಂಡಿನೊಳಗೆ ತಗಡು, ಹಲಗೆ, ಯಾವುದೋ ಅಂಗಡಿಯವರು ಬಿಸಾಡಿದ ಪ್ಯಾಲೆಟ್ಟು ಎಲ್ಲ ಸೇರಿಸಿ ಮೊಳೆ ಹೊಡೆದರೆ ಗೂಡು ತಯಾರು. ಸ್ವಲ್ಪ ಕಾಲ ಎಲ್ಲ ಚೆಂದ. ಆಮೇಲೊಂದು ದಿನ ಹೇಂಟೆಗಳು ಮೊಟ್ಟೆ ನಿಲ್ಲಿಸುತ್ತವೆ. ಜುಟ್ಟು ಬಿಳಿಚುತ್ತದೆ. ಕತ್ತಲಾಗುತ್ತ ಬಂದರೂ ಗೂಡಿನ ಬಾಗಿಲಲ್ಲೇ ನಿಂತು, ಒಳಗೆ ಹೋಗಲು ಒಲ್ಲೆ ಎನ್ನುತ್ತವೆ. ನಾವು ಹೆದರಿಸಿ ಓಡಿಸುತ್ತೇವೆ. ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ, ಒಪ್ಪಿದೆ. ಆದರೆ ಮಲಗುವ ಜಾಗದ ವಿಷಯದಲ್ಲಿ ಅದರ ಮಾತು ಕೇಳಬೇಕು.

ಹಗಲಲ್ಲಿ ರೆಕ್ಕೆ ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಹೇನು. ಹೇನು ಒಂದು ಲೆಕ್ಕದಲ್ಲಿ ಪಾಪದ್ದು. ಹುಟ್ಟುವುದು, ಸಾಯುವುದು ಎಲ್ಲ ಕೋಳಿಯ ಮೈಮೇಲೆ. ಮೈಬಿಟ್ಟರೆ ಒಂದು ವಾರ ತಳ್ಳುವುದೇ ಕಷ್ಟ. ದೊಡ್ಡ ಕಳ್ಳರು ಬೇರೆ ಇದ್ದಾರೆ. ಅವರು ಹಗಲು ಹಲಗೆಯ ಬಿರುಕಿನಲ್ಲಿ ಮಲಗಿ ರಾತ್ರಿಪಾಳಿಗೆ ಎದ್ದು ಬರುವವರು. ಊರೆಲ್ಲ ಮಲಗಿದ ಮೇಲೆ ಟಾರ್ಚು ಹಿಡಿದು ಹೋಗಿ, ಕೋಳಿ ಕೂರುವ ಕೋಲಿನ ಅಡಿಭಾಗಕ್ಕೆ ಬಿಳಿ ಟಿಶ್ಯೂ ಒತ್ತಿ ಎಳೆಯಿರಿ. ಟಿಶ್ಯೂ ಮೇಲೆ ಕೆಂಪು ಗೆರೆ ಮೂಡಿದರೆ ಅದು ಕೆಂಪು ನುಸಿ ಕುಡಿದ ನಿಮ್ಮ ಕೋಳಿಯದೇ ರಕ್ತ.

ನುಸಿಯ ದೊಡ್ಡಣ್ಣ ಉಣುಗು. ಹಸಿದಾಗ ಚಪ್ಪಟೆ ಒಣದ್ರಾಕ್ಷಿ, ಕುಡಿದೆದ್ದ ಮೇಲೆ ದ್ರಾಕ್ಷಿ. ದೊಡ್ಡ ಉಣುಗು ಕೋಳಿಯ ಮೇಲೆ ತುಂಬ ಹೊತ್ತು ಕೂರುವುದಿಲ್ಲ. ಅರ್ಧ ಗಂಟೆಯ ಊಟ ಮುಗಿಸಿ ಬಿರುಕಿಗೆ ವಾಪಸು. ಮರಿಗಳು ಮಾತ್ರ ರೆಕ್ಕೆಯಡಿ ಕೆಲವು ದಿನ ಕಚ್ಚಿಕೊಂಡಿರುತ್ತವೆ. ರಕ್ತ ಹೋಗುವುದಷ್ಟೇ ಅಲ್ಲ, ಒಂದು ಬಗೆಯ ಸುರುಳಿ ಬ್ಯಾಕ್ಟೀರಿಯಾವನ್ನೂ ಇದು ದಾಟಿಸುತ್ತದೆ. ಕೋಳಿಗೆ ಜ್ವರ, ಹಸಿರು ಹಿಕ್ಕೆ, ಆಮೇಲೆ ಸಾವು. ಈ ಉಣುಗಿನ ಹೆಸರು ಆರ್ಗಸ್ ಪರ್ಸಿಕಸ್, 1818ರಲ್ಲಿ ಓಕೆನ್ ಎಂಬ ಜರ್ಮನ್ ವಿಜ್ಞಾನಿ ವರ್ಣಿಸಿದ್ದು. ಹೆಸರಿನಲ್ಲಿರುವ ಪರ್ಷಿಯಾ ಇಲ್ಲಿಂದ ಒಂದು ಕೊಲ್ಲಿ ದಾಟಿದರೆ ಸಿಗುತ್ತದೆ. ಒಣಹವೆ, ಸೆಕೆ ಎರಡೂ ಇದಕ್ಕೆ ಪ್ರಿಯ. ಹಾಗಾಗಿ ಈ ಗೂಡಿನಲ್ಲಿ ವೀಸಾ ಬೇಕಿಲ್ಲದ ಜೀವ ಅದೊಂದೇ. ನಾವೂ ನಮ್ಮ ಕೋಳಿಯೂ ಆಮೇಲೆ ಬಂದವರು.

ಊರಿಗೆ ಫೋನು ಮಾಡಿ ಇದನ್ನೆಲ್ಲ ವಿವರಿಸಿದರೆ ಅಮ್ಮನದು ಒಂದೇ ಮಾತು: “ಒಲೆಬೂದಿ ಹಾಕಿದ್ರೆ ಆಯ್ತಲ್ಲ ಮಾರಾಯ, ಅದಕ್ಕೆ ಇಷ್ಟೆಲ್ಲ ಯಾಕೆ?”

ಗ್ಯಾಸಿನ ಒಲೆಯಲ್ಲಿ ಬೂದಿ ಎಲ್ಲಿಂದ ತರುವುದು? ಪೆಟ್ರೋಲಿನ ಮೇಲೆ ಕೂತ ದೇಶದಲ್ಲಿ ಬೂದಿಗೆ ಬರ. ಕೊನೆಗೆ ಚಳಿಗಾಲದಲ್ಲಿ ಮರಳಿಗೆ ಬಾರ್ಬೆಕ್ಯೂಗೆ ಹೋದ ಗೆಳೆಯರ ಹಿಂದೆ ಡಬ್ಬ ಹಿಡಿದು ಹೋಗಬೇಕು. ಅವರು ಸುಟ್ಟ ಕೋಳಿಯ ಬೂದಿ ಜೀವಂತ ಕೋಳಿಗೆ ಔಷಧಿ. ಈ ವಿಚಾರ ಹೇಂಟೆಗಳಿಗೆ ತಿಳಿಸದಿರುವುದು ಒಳ್ಳೆಯದು. ಎಣ್ಣೆ ಸುರಿದು ಹೊತ್ತಿಸಿದ ಇದ್ದಿಲಿನ ಬೂದಿ ಮಾತ್ರ ಬೇಡ. ನಯವಾದ ಮರಳಿಗೇನೂ ಇಲ್ಲಿ ಕೊರತೆಯಿಲ್ಲವಲ್ಲ, ಬೂದಿಯನ್ನು ಅದರಲ್ಲಿ ಬೆರೆಸಿ ಅಗಲದ ಟಬ್ಬಿನಲ್ಲಿಟ್ಟರೆ ಮುಗಿಯಿತು. ಕೋಳಿ ಅದರೊಳಗೆ ಮಗುಚಿ ಬಿದ್ದು, ಒಂದು ಕಾಲು ಆಕಾಶಕ್ಕೆತ್ತಿ, ಕಣ್ಣು ಅರೆಮುಚ್ಚಿ ಹುಡಿ ಎರಚಿಕೊಳ್ಳುವ ವೈಭವ ನೋಡಬೇಕು. ಮೊದಲ ಸಲ ನೋಡಿದವರು ಕೋಳಿಗೆ ಅಪಸ್ಮಾರ ಎಂದುಕೊಳ್ಳುತ್ತಾರೆ.

ಅಮ್ಮ ಹೇಳಿದ ಬೂದಿಗಲ್ಲದಿದ್ದರೂ ಹುಡಿಸ್ನಾನಕ್ಕೆ ಈಗ ಕ್ಯಾಲಿಫೋರ್ನಿಯಾದ ಸಾಕ್ಷಿಯೂ ಇದೆ. ಅಲ್ಲಿನ ರಿವರ್‌ಸೈಡ್ ವಿಶ್ವವಿದ್ಯಾಲಯದ ಕೀಟತಜ್ಞರು ಮರಳಿಗೆ ಗಂಧಕ, ಕೇಯೋಲಿನ್ ಜೇಡಿ ಅಥವಾ ಡಯಾಟಂ ಮಣ್ಣು ಬೆರೆಸಿ ಹೊರಳಲು ಬಿಟ್ಟರು. ಹೊರಳಿದ ಕೋಳಿಗಳ ಮೈಮೇಲೇ ಬದುಕುವ ನುಸಿ, ಹೇನು ಒಂದೇ ವಾರದಲ್ಲಿ ಶೇಕಡಾ 80ರಿಂದ 100ರಷ್ಟು ಇಳಿದವು ಎಂದು 2012ರಲ್ಲಿ ಪ್ರಕಟಿಸಿದರು. ಕೊಕ್ಕು ಕತ್ತರಿಸಿದ ಕೋಳಿಗೆ ಇವುಗಳ ಕಾಟ ಹೆಚ್ಚೆಂದೂ ಅಲ್ಲಿನವರೇ ಕಂಡುಕೊಂಡಿದ್ದಾರೆ. ಕೊಕ್ಕೇ ಅದರ ಹೇನುಬಾಚಣಿಗೆ ತಾನೇ.

ಆದರೆ ಬಿರುಕಿನಲ್ಲಿ ಮಲಗಿದವನಿಗೆ ಕೋಳಿಯ ಸ್ನಾನದಿಂದ ಏನೂ ಆಗದು. ಕೆಂಪು ನುಸಿಗೆ ಇಲ್ಲಿ ಪುಕ್ಕಟೆ ವೈದ್ಯನೊಬ್ಬನಿದ್ದಾನೆ. ನುಸಿ 45 ಡಿಗ್ರಿ ದಾಟಿದರೆ ಬದುಕದು. ಜುಲೈ ತಿಂಗಳ ಇಲ್ಲಿನ ಬಿಸಿಲಿಗೆ ಕೋಲು, ಹಲಗೆ ಕಳಚಿ ಹಾಕಿದರೆ ಕೆಲಸ ಅದೇ ನೋಡಿಕೊಳ್ಳುತ್ತದೆ. ಕೋಳಿಯನ್ನು ಮಾತ್ರ ನೆರಳಲ್ಲಿಡಿ. ಸಿಕ್ಕಿದ ವಿಷ ಸಿಂಪಡಿಸುವ ಚಪಲ ಬೇಡ. 2017ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಇದೇ ನುಸಿ ಓಡಿಸಲು ಫಿಪ್ರೊನಿಲ್ ಎಂಬ ಕೀಟನಾಶಕ ಬೆರೆತ ದ್ರಾವಣ ಹೊಡೆದು, ಅದು ಮೊಟ್ಟೆಗೆ ಇಳಿದು, ಲಕ್ಷಗಟ್ಟಲೆ ಮೊಟ್ಟೆ ಅಂಗಡಿಗಳಿಂದ ವಾಪಸು ಬಂದವು. ಕೋಳಿಯ ಕಾಲಿನ ಹುರುಪೆ ಎದ್ದು ನಿಂತರೆ ಅದು ಇನ್ನೊಂದು ನುಸಿ, ಹುರುಪೆಯಡಿ ಕೊರೆಯುವಂಥದ್ದು. ದಿನ ಬಿಟ್ಟು ದಿನ ತೆಂಗಿನೆಣ್ಣೆ ಹಚ್ಚಿದರೆ ಉಸಿರುಗಟ್ಟಿ ಸಾಯುತ್ತದೆ. ತೆಂಗಿನೆಣ್ಣೆಯಿಲ್ಲದ ಕರಾವಳಿಯವರ ಮನೆ ಗಲ್ಫಿನಲ್ಲಿ ಎಲ್ಲಿದೆ?

ಹೊಸ ಕೋಳಿ ತಂದರೆ ಎರಡು ವಾರ ಬೇರೆ ಇಟ್ಟು ರೆಕ್ಕೆಯಡಿ ನೋಡಿ. ಇನ್ನು, ಊರು ಬಿಟ್ಟು ಹೋಗುವವರು ಹಳೆಯ ಮರದ ಗೂಡನ್ನು ಪುಕ್ಕಟೆ ಕೊಡುತ್ತೇವೆಂದರೆ ಕೈಮುಗಿದು ಬೇಡ ಎನ್ನಿ. ಉಣುಗು ರಕ್ತವಿಲ್ಲದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅದರೊಳಗೆ ಕಾಯಬಲ್ಲದು.