ಪರ್ಮಿಟ್ ಇಲ್ಲದ ಪುಣ್ಯ

ಆದವಾನಿ ಕಡೆ ದಾನಕ್ಕೇನೂ ಬರವಿಲ್ಲ. ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಗೆ, ಮಂತ್ರಾಲಯದ ಆರಾಧನೆಗೆ ಹೊರಟ ಜನರನ್ನು ನಿಲ್ಲಿಸಿ ಊಟಕ್ಕೆ ಕೂಡಿಸುವ ಕೈಗಳು ಇಲ್ಲಿವೆ. ಕನ್ನಡ ಶಾಲೆಯ ಮಾಳಿಗೆ ಸೋರುತ್ತಿದೆ ಎಂದಾಗ ಮಾತ್ರ ಎಲ್ಲರಿಗೂ ಹತ್ತಿಯ ರೇಟು ಬಿದ್ದದ್ದು ನೆನಪಾಗುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಾಗ ನಮ್ಮ ಕನ್ನಡ ಶಾಲೆಗಳೂ ಬೆಂಚು, ಬೋರ್ಡಿನ ಸಮೇತ ಸೇರಿದವು. ಮಾಳಿಗೆ ರಿಪೇರಿಯ ಲೆಕ್ಕ ಮಾತ್ರ ಯಾವ ಪುಸ್ತಕಕ್ಕೆ ಸೇರಿತೋ!

ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಒಂದು ಹಂಚಿಕೆ ಹುಟ್ಟಿತು. ಹತ್ತಿ ದಲಾಲಿ ಮಾಡುವ ಗೆಳೆಯರೊಬ್ಬರ ಬಳಿ ಅಜ್ಜನ ಕಾಲದ ಜೀಪಿದೆ. ಹರಿದ ಸೀಟಿಗೆ ಗೋಣಿತಟ್ಟು ಹೊಲಿದಿದ್ದಾರೆ, ಹಾರ್ನ್ ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತದೆ. ಮಕ್ಕಳನ್ನು ಕೂಡಿಸಿಕೊಂಡು ಕೋಟೆ ಬೆಟ್ಟದ ಬುಡದವರೆಗೆ ಒಂದು ಸುತ್ತು, ತಲೆಗೆ ಮೂವತ್ತು ರೂಪಾಯಿ. ಚೀಟಿ ಅಚ್ಚಿಗೆ ಕೊಡುವ ಮುಂಚೆ ವಕೀಲರನ್ನು ಒಂದು ಮಾತು ಕೇಳೋಣ ಎಂದರು ಖಜಾಂಚಿ.

"ರೊಕ್ಕ ತಗೊಂತೀರೇನು?"

"ಶಾಲಿಗ್ರೀ ಸರ್."

"ಯಾರಿಗಾರ ಆಗ್ಲಿ, ತಗೊಂತೀರೋ ಇಲ್ಲೋ?"

ಎಲ್ಲ ತೊಡಕೂ ಅಲ್ಲೇ. 1988ರ ಮೋಟಾರು ವಾಹನ ಕಾಯಿದೆಗೆ ರೊಕ್ಕ ಯಾವ ಹುಂಡಿಗೆ ಬಿತ್ತು ಎನ್ನುವುದು ಬೇಕಿಲ್ಲ. ಬಾಡಿಗೆಗೋ ಪ್ರತಿಫಲಕ್ಕೋ ಜನರನ್ನು ಹತ್ತಿಸಿಕೊಂಡರೆ ಅದು ಸಾರ್ವಜನಿಕ ಸೇವಾ ವಾಹನ. 66ನೇ ಕಲಮಿನಂತೆ ಪರ್ಮಿಟ್ ಬೇಕು, ಬಿಳಿ ನಂಬರ್ ಪ್ಲೇಟು ಹಳದಿಯಾಗಬೇಕು. 2019ರ ತಿದ್ದುಪಡಿಯ ನಂತರ, ಪರ್ಮಿಟ್ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಮೇಲೆ ಆರು ತಿಂಗಳವರೆಗೆ ಜೈಲು. ಬ್ರೇಕ್ ಇನ್‌ಸ್ಪೆಕ್ಟರ್ ಇದೇ ಶಾಲೆಯಲ್ಲಿ ಓದಿದವರಾದರೂ ಕಲಮು ಬದಲಾಗದು.

ಜಾತ್ರೆಗೆ ಜನ ಸಾಗಿಸಲು ನಾಲ್ಕು ತಿಂಗಳು ಮೀರದಂತೆ ತಾತ್ಕಾಲಿಕ ಪರ್ಮಿಟ್ ಕೊಡುವ 87ನೇ ಕಲಮೂ ಇದೆ. ಉರುಕುಂದದಂಥ ಜಾತ್ರೆಗಳನ್ನು ನೆನೆದೇ ಬರೆದಂತಿದೆ. ಆದರೆ ಅದು ಬಾಡಿಗೆ ವಾಹನಗಳಿಗೆ, ಸ್ವಂತದ ಜೀಪಿಗಲ್ಲ. ಪರ್ಮಿಟ್ಟೇ ಬೇಡದ ವಾಹನಗಳ ಪಟ್ಟಿಯನ್ನೂ ವಕೀಲರು ಓದಿದರು: ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ಹೆಣ ಮತ್ತು ಹೆಣದ ಜೊತೆ ಹೋಗುವ ದುಃಖಿತರಿಗಷ್ಟೇ ಮೀಸಲಾದ ಗಾಡಿ. ಓದಿ ಮುಗಿಸಿ ಖಜಾಂಚಿಯವರ ಮುಖವನ್ನೇ ಯಾಕೆ ನೋಡಿದರೋ ತಿಳಿಯದು.

ದಂಡವನ್ನಾದರೂ ಪಟ್ಟಿ ಎತ್ತಿ ಕಟ್ಟಬಹುದು. ನಿಜವಾದ ಹೆದರಿಕೆ ಇನ್ಸೂರೆನ್ಸಿನದು. ಖಾಸಗಿ ವಾಹನದ ಪಾಲಿಸಿಯಲ್ಲಿ ಬಾಡಿಗೆಗೆ ಬಳಸುವಂತಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಮಗುವಿನ ಕೈ ಮುರಿದರೆ ಕಂಪನಿ ಆ ಸಾಲಿನ ಮೇಲೆ ಬೆರಳಿಡುತ್ತದೆ. ಆಮೇಲೆ ಮಾಳಿಗೆ ಹಾಗಿರಲಿ, ಜೀಪಿನ ಯಜಮಾನರ ಮನೆಯೇ ಉಳಿಯುವುದು ಕಷ್ಟ.

"ಕಾಂಪೌಂಡಿನ ಒಳಗೇ ಸುತ್ತಿಸಿದ್ರ?" ಎಂದರೊಬ್ಬರು. ಪರ್ಮಿಟ್ಟಿನ ಮಾತು ಸಾರ್ವಜನಿಕ ಸ್ಥಳಕ್ಕೆ ಮಾತ್ರ, ಸರಿ. ಆದರೆ ಗೇಟು ತೆಗೆದು ಊರನ್ನೆಲ್ಲ ಕರೆದ ಮೇಲೆ ಅದೂ ಸಾರ್ವಜನಿಕವೇ ಎಂದು ಎದುರು ವಕೀಲ ವಾದಿಸಬಹುದಂತೆ. ಗೇಟು ಹಾಕಿಕೊಂಡು ಚಂದಾ ಎತ್ತುವ ವಿದ್ಯೆ ನಮಗೆ ಬಾರದು.

ಕೊನೆಗೆ ಎತ್ತಿನ ಬಂಡಿ ಎಂದಾಯಿತು. ಇಂಜಿನ್ ಇಲ್ಲ, ಹಾಗಾಗಿ ಅದು ಮೋಟಾರು ವಾಹನವಲ್ಲ. ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ವಕೀಲರು 1965ರ ಇನ್ನೊಂದು ನಿಯಮಾವಳಿ ತೆಗೆದರು. ಬಂಡಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕೇ ಜನ ಹತ್ತಬೇಕು. ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು. ಆದವಾನಿಯಲ್ಲಿ ಮಾರ್ಚ್ ತಿಂಗಳಿಗೇ 37 ದಾಟುತ್ತದೆ.

ಹೀಗೆ ಆ ಭಾನುವಾರ ಹನ್ನೆರಡಕ್ಕೆ ಸರಿಯಾಗಿ ಎತ್ತುಗಳ ಕೊರಳು ಬಿಚ್ಚಿದರು. ಅವು ಬೇವಿನ ನೆರಳಲ್ಲಿ ಜೋಳದ ಸೊಪ್ಪೆ ಮೆಲ್ಲುತ್ತ ಮಲಗಿದವು. ಯಾವ ಕಲಮಿನ ರಕ್ಷಣೆಯೂ ಇಲ್ಲದ ಖಜಾಂಚಿ ತಲೆಗೆ ಟವಲು ಸುತ್ತಿಕೊಂಡು ಬಿಸಿಲಲ್ಲಿ ಚೀಟಿ ಹರಿಯುತ್ತಿದ್ದರು. ಅಷ್ಟರಲ್ಲಿ ಜೀಪಿನ ಯಜಮಾನರು ತಮ್ಮ ಗಾಡಿಯನ್ನು ತಂದು ಮೈದಾನದಲ್ಲಿ ನಿಲ್ಲಿಸಿ, ಕೀಲಿ ಜೇಬಿಗಿಳಿಸಿ, ಸ್ಟೇರಿಂಗ್ ಹಿಡಿದು ಫೋಟೊ ತೆಗೆಸಿಕೊಳ್ಳಲು ಹತ್ತು ರೂಪಾಯಿ ಎಂದು ಕೂಗತೊಡಗಿದರು. ಸಾಲು ಗೇಟಿನವರೆಗೆ ಬೆಳೆಯಿತು. ವಕೀಲರು ಬಹಳ ಹೊತ್ತು ಯೋಚಿಸಿದರು, ಆಮೇಲೆ ಮೊಮ್ಮಗನ ಕೈ ಹಿಡಿದುಕೊಂಡು ತಾವೂ ಸಾಲಿನಲ್ಲಿ ನಿಂತರು.