ಫೀಚರ್ ಫಣಿ

ಫಣೀಂದ್ರ ಎಂಬ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಬೆಂಗಳೂರಿನ ಹನುಮಂತನಗರದ ನಮ್ಮ ರಸ್ತೆಯಲ್ಲಿ ಹಾಲಿನವನಿಂದ ಹಿಡಿದು ಪುರೋಹಿತರವರೆಗೆ ಎಲ್ಲರಿಗೂ ಅವನು ಫೀಚರ್ ಫಣಿ. ಬ್ಯಾಂಕಿನಲ್ಲಿ ಲೆಕ್ಕ ಬರೆದು ಬರೆದು ಸ್ವಯಂನಿವೃತ್ತಿ ಪಡೆದವನು. ನಿವೃತ್ತನಾದದ್ದು ಅವನು, ಅವನ ಲೆಜರಲ್ಲ. ಕೆಂಪು ಬೆನ್ನಿನ ಆ ಉದ್ದನೆಯ ಪುಸ್ತಕದಲ್ಲಿ ಜಮೆ ಖರ್ಚು ಇರಬೇಕಾದ ಕಡೆ ಈಗ ರ‍್ಯಾಮು, ಬ್ಯಾಟರಿ, ಕ್ಯಾಮೆರಾ, ಸ್ಪೀಕರು, ತೂಕ, ದಪ್ಪ. ಎಡಗಡೆಯ ಪುಟ ಮೊಬೈಲು ಫೋನುಗಳಿಗೆ, ಬಲಗಡೆಯ ಪುಟ ಹಾಡು ಕೇಳುವ ಯಂತ್ರಗಳಿಗೆ. ತಪ್ಪಿಯೂ ಒಂದರ ಶಾಯಿ ಇನ್ನೊಂದಕ್ಕೆ ತಗುಲುವುದಿಲ್ಲ.

ಇಷ್ಟು ಬಲ್ಲವನ ಜೇಬಿನಲ್ಲಿ ಯಾವ ಫೋನಿದ್ದೀತು ಎಂಬ ಕುತೂಹಲ ನಿಮಗೆ ಸಹಜ. ಗಾಜು ಬಿರುಕುಬಿಟ್ಟ, ಮೂಲೆಗೆ ಸೆಲ್ಲೋಟೇಪು ಅಂಟಿಸಿದ, ಕಂಪನಿಯೇ ಮರೆತುಬಿಟ್ಟಿರುವ ಒಂದು ಮಾಡೆಲ್ಲು. "ಯಾಕೋ ಇನ್ನೂ ಬದಲಾಯಿಸಿಲ್ಲ?" ಎಂದರೆ, "ಇನ್ನೂ ಕಂಪೇರ್ ಮಾಡ್ತಾ ಇದೀನಿ" ಎನ್ನುತ್ತಾನೆ. ತೀರ್ಮಾನಕ್ಕೆ ಬಂದ ದಿನವೇ ಹೊಸದೊಂದು ಮಾಡೆಲ್ ಬರುವ ಸುದ್ದಿ ಬಂದಿರುತ್ತದೆ. ಅದು ಬರಲಿ, ನೋಡಿ ತಗೊಳ್ಳೋಣ. ಅದು ಬಂದರೆ ಹಳೆಯದರ ಬೆಲೆ ಇಳಿಯುತ್ತದೆ, ಇಳಿಯಲಿ. ಇಳಿದ ಮೇಲೆ ದೀಪಾವಳಿ ಆಫರ್ ಹತ್ತಿರವೇ ಇದೆಯಲ್ಲ! ಹೀಗೆ ದೀಪಾವಳಿಯಿಂದ ಯುಗಾದಿಗೆ, ಯುಗಾದಿಯಿಂದ ದೀಪಾವಳಿಗೆ ಅವನ ಫೋನು ದಾಟಿಕೊಂಡು ಬಂದಿದೆ.

ಸಂಗೀತದ ವಿಷಯದಲ್ಲಿ ಅವನದು ಇನ್ನೂ ವಿಚಿತ್ರ. ಪ್ರತಿಯೊಂದು ಯಂತ್ರವನ್ನೂ ಪರೀಕ್ಷಿಸಲು ಅವನ ಬಳಿ ರಾಜ್‌ಕುಮಾರ್ ಹಾಡಿದ ಒಂದೇ ಒಂದು ಹಾಡಿದೆ. ಮೊದಲ ತಬಲಾ ಪೆಟ್ಟಿಗೆ ಬೇಸು ಗೊತ್ತಾಗುತ್ತದೆ, ಪಿಟೀಲು ಎದ್ದಾಗ ಟ್ರೆಬಲ್ಲು, ಅಣ್ಣಾವ್ರು ಬಾಯಿ ತೆರೆದ ಕೂಡಲೇ ಮಿಡ್ಡು. ಪಲ್ಲವಿ ಮುಗಿಯುವಷ್ಟರಲ್ಲಿ ಪರೀಕ್ಷೆ ಮುಗಿದು ಇಯರ್‌ಫೋನು ಕಿವಿಯಿಂದ ಕೆಳಗಿಳಿದಿರುತ್ತದೆ. ಆ ಹಾಡಿಗೆ ಚರಣಗಳೂ ಇವೆ ಎಂಬ ವಿಚಾರ ಅವನಿಗೆ ತಿಳಿದಿದೆಯೋ ಇಲ್ಲವೋ, ನಾನು ಕೇಳಲು ಹೋಗಿಲ್ಲ.

ಈ ಚಟ ಹತ್ತಿದ್ದು ಪಿಯುಸಿಯಲ್ಲಿ, ದುಬೈನಿಂದ ಬಂದ ಚಿಕ್ಕಪ್ಪ ಒಂದು ವಾಕ್‌ಮನ್ ತಂದಾಗ. ಬೇರೆ ಹುಡುಗರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಡುಗಿಯರ ಕಾಲೇಜಿನ ಮುಂದೆ ಓಡಾಡುವ ಯೋಚನೆ ಮಾಡಿದರೆ, ಫಣಿ ಅದನ್ನು ಮನೆಯಲ್ಲಿದ್ದ ನ್ಯಾಷನಲ್ ಪ್ಯಾನಸಾನಿಕ್ ಟೇಪ್‌ರೆಕಾರ್ಡರಿನ ಪಕ್ಕ ಇಟ್ಟು ಎರಡು ಕಾಲಂ ಎಳೆದ. ತಾರೀಖುಗಳೂ ಅವನಿಗೆ ಬಾಯಿಪಾಠ: 'ನಿತ್ಯೋತ್ಸವ'ದ ಕ್ಯಾಸೆಟ್ ಬಂದದ್ದು 1978ರಲ್ಲಿ, ಸೋನಿಯವರು ಜಪಾನಿನಲ್ಲಿ ಮೊದಲ ವಾಕ್‌ಮನ್ ಮಾರಿದ್ದು 1979ರ ಜುಲೈ 1ರಂದು. ಕ್ಯಾಸೆಟ್ಟಿನಲ್ಲಿ ನಿಸಾರ್ ಅಹಮದರ ಪದ್ಯ, ಮೈಸೂರು ಅನಂತಸ್ವಾಮಿಯವರ ರಾಗ. ನಾನು ಆ ರಾಗವನ್ನು ಸ್ವಲ್ಪ ಗುನುಗಿದೆ ಅನ್ನಿ, ಫಣಿ ತಕ್ಷಣ ಕೇಳುವ ಪ್ರಶ್ನೆ: "ಅದು ನಾರ್ಮಲ್ ಟೇಪೋ, ಕ್ರೋಮೋ?"

ಸೋನಿಯವರ ಆ ಮೊದಲ ವಾಕ್‌ಮನ್ನಿನ ಬಗ್ಗೆ ಅವನಿಗೆ ಅಪಾರ ಗೌರವ. ಅದಕ್ಕೆ ಇಯರ್‌ಫೋನು ಸಿಕ್ಕಿಸಲು ಎರಡು ತೂತುಗಳಿದ್ದವು. ಒಂದು ಕಿತ್ತಳೆ ಬಣ್ಣದ ಗುಂಡಿ ಒತ್ತಿದರೆ ಹಾಡು ತಗ್ಗಿ, ಒಳಗಿನ ಮೈಕಿನ ಮೂಲಕ ಜೊತೆಯವರ ಮಾತು ಕೇಳಿಸುತ್ತಿತ್ತು. ಒಬ್ಬರೇ ಕಿವಿ ಮುಚ್ಚಿಕೊಂಡು ಕೂತರೆ ಮರ್ಯಾದೆಯಲ್ಲ ಎಂದು ತಯಾರಕರಿಗೇ ಅಳುಕಿದ್ದ ಕಾಲ. "1979ರಲ್ಲಿ ಎರಡು ತೂತು. ಆಮೇಲೆ ಒಂದಾಯ್ತು. 2016ರಲ್ಲಿ ಐಫೋನ್ 7 ಬಂತು, ಇದ್ದ ಒಂದನ್ನೂ ಮುಚ್ಚಿದರು. ಇದನ್ನ ಪ್ರಗತಿ ಅಂತಾರೆ" ಎಂದು ಅವನು ಹೇಳುವಾಗ ಧ್ವನಿ ಗದ್ಗದವಾಗುತ್ತದೆ.

1998ರಲ್ಲಿ ಎಂಪಿ3 ಯಂತ್ರಗಳು ಬಂದವು. ಅವುಗಳಲ್ಲಿ ರಿಯೋ ಎನ್ನುವುದಕ್ಕೆ ಇದ್ದದ್ದು 32 ಎಂಬಿ ಜಾಗ, ಹೆಚ್ಚೆಂದರೆ ಅರ್ಧ ಗಂಟೆಯ ಹಾಡು. ಕ್ಯಾಸೆಟ್ಟಿನ ಒಂದು ಮಗ್ಗುಲಿಗಿಂತ ಹೆಚ್ಚೇನಿಲ್ಲ ಎಂದು ಫಣಿ ಷರಾ ಬರೆದ. 2001ರ ಅಕ್ಟೋಬರಿನಲ್ಲಿ 5 ಜಿಬಿಯ ಐಪಾಡ್ ಬಂದು, ಜೇಬಿನಲ್ಲಿ ಸಾವಿರ ಹಾಡು ಎಂದಾಗ ಜಗತ್ತು ಬಾಯಿ ಬಿಟ್ಟಿತು. ಫಣಿ ಕ್ಯಾಲ್ಕುಲೇಟರ್ ತೆಗೆದ. ಹಾಡಿಗೆ ಐದು ನಿಮಿಷದಂತೆ ಸಾವಿರ ಹಾಡಿಗೆ 83 ಗಂಟೆ. ದಿನಕ್ಕೆ ಅರ್ಧ ಗಂಟೆ ಕೇಳಿದರೂ ಒಂದು ಸುತ್ತಿಗೆ ಐದೂವರೆ ತಿಂಗಳು. ಪಲ್ಲವಿ ಮಾತ್ರ ಕೇಳುವವನಿಗೆ ಬೇಗ ಮುಗಿದೀತು, ಆ ಮಾತು ಬೇರೆ.

ಎಡಪುಟದಲ್ಲಿ ಆಗ ನೋಕಿಯಾದ ರಾಜ್ಯಭಾರ. 2003ರ ನೋಕಿಯಾ 1100ರ ಎದುರು ಫಣಿ ಇವತ್ತಿಗೂ ಒಂದು ನಕ್ಷತ್ರ ಹಾಕಿಟ್ಟಿದ್ದಾನೆ. ಜಗತ್ತಿನಲ್ಲಿ ಸುಮಾರು 25 ಕೋಟಿ ಮಾರಾಟವಾದ ಆ ಫೋನಿಗೆ ಕ್ಯಾಮೆರಾ ಇಲ್ಲ, ಎಂಪಿ3 ಇಲ್ಲ. ನೆತ್ತಿಯಲ್ಲಿ ಒಂದು ಟಾರ್ಚು. ಲೋಡ್‌ಶೆಡ್ಡಿಂಗ್ ದಿನಗಳಲ್ಲಿ ಅದಕ್ಕಿಂತ ದೊಡ್ಡ ಫೀಚರ್ ಹುಟ್ಟಿಲ್ಲ ಎಂಬುದು ಅವನ ಅಭಿಪ್ರಾಯ. ನನ್ನದೂ ಅದೇ.

ಲೆಜರು ಮೊದಲ ಬಾರಿ ಕೈಕೊಟ್ಟದ್ದು 2005ರಲ್ಲಿ. ಸೋನಿ ಎರಿಕ್ಸನ್ನಿನ ಡಬ್ಲ್ಯೂ800 ಬಂತು: ಫೋನೂ ಹೌದು, ವಾಕ್‌ಮನ್ನೂ ಹೌದು. ಬೇಕಾದರೆ ಫೋನಿನ ಭಾಗವನ್ನು ಮಲಗಿಸಿ ಹಾಡಿನ ಭಾಗವನ್ನಷ್ಟೇ ಎಬ್ಬಿಸಬಹುದಿತ್ತು. ಇದನ್ನು ಎಡಪುಟದಲ್ಲಿ ಬರೆಯುವುದೋ, ಬಲಪುಟದಲ್ಲೋ? ಫಣಿ ಎರಡು ರಾತ್ರಿ ನಿದ್ದೆಗೆಟ್ಟು, ಕೊನೆಗೆ ನಡುವಿನ ಹೊಲಿಗೆಯ ಮೇಲೆ ಅಡ್ಡಡ್ಡ ಬರೆದ. ಆ ಪುಟ ಇನ್ನೂ ಹಾಗೇ ಇದೆ. ಅಕ್ಷರಗಳು ದಾರದ ಮೇಲೆ ಹತ್ತಿ ಇಳಿದಿವೆ.

ಅವನ ಮಾತು ಸುಳ್ಳಾಗುವುದಿಲ್ಲ ಎಂಬುದನ್ನೂ ಹೇಳಬೇಕು. ನ್ಯಾಷನಲ್ ಮಾರ್ಕೆಟ್ಟಿನಿಂದ ತಂದ ಚೀನಾ ಫೋನುಗಳು ನಮ್ಮ ರಸ್ತೆಯನ್ನು ಆಕ್ರಮಿಸಿದ್ದ ಕಾಲವದು. ಎರಡು ಸಿಮ್ಮು, ಟಿವಿಗೆ ಒಂದು ಎಳೆಯುವ ಆಂಟೆನಾ, ಬೀದಿಯ ಆ ತುದಿಗೆ ಕೇಳಿಸುವ ಸ್ಪೀಕರು. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬಂದ ಎಲೆಕ್ಟ್ರಿಷಿಯನ್ ಹುಡುಗ ನಡೆದು ಹೋದರೆ ಮೆರವಣಿಗೆಯೇ ಹೋದ ಸದ್ದು. ಫಣಿ ಅವನನ್ನು ನಿಲ್ಲಿಸಿ, "ಐಎಂಇಐ ನಂಬರ್ ಇದೆಯೇನಪ್ಪಾ? ಇಲ್ಲದಿದ್ರೆ ಸರ್ಕಾರ ಬಂದ್ ಮಾಡತ್ತೆ" ಎಂದ. ಹುಡುಗ ನಕ್ಕ. 2009ರ ನವೆಂಬರ್ 30 ಕಳೆದು ಬೆಳಗಾಗುವುದರೊಳಗೆ ಅಂಥ ಫೋನುಗಳಿಗೆ ಸಿಗ್ನಲ್ ನಿಂತಿತು. ಹಾಡು ಮಾತ್ರ ಬರುತ್ತಿತ್ತು. ಫಣಿ ಅವನ್ನು ಎಡಪುಟದಲ್ಲಿ ಹೊಡೆದುಹಾಕಿ ಬಲಪುಟಕ್ಕೆ ವರ್ಗಾಯಿಸಿದ. ಬ್ಯಾಂಕಿನ ಶಿಸ್ತು.

ಐಫೋನು ಬಂದ ಮೇಲೆ ಬಲಪುಟ ಸೊರಗುತ್ತಾ ಹೋಯಿತು. 2022ರ ಮೇ 10ರಂದು ಐಪಾಡಿನ ತಯಾರಿಕೆಯನ್ನೇ ನಿಲ್ಲಿಸಿದ ಸುದ್ದಿ ಬಂದಾಗ ಫಣಿ ಸ್ಕೇಲಿಟ್ಟು ಕೆಂಪು ಗೆರೆ ಎಳೆದು, ಕೆಳಗೆ 'ಖಾತೆ ಮುಕ್ತಾಯ' ಎಂದು ಬರೆದು ಸಹಿ ಹಾಕಿದ.

ಆ ಖಾತೆಯನ್ನು ಮತ್ತೆ ತೆರೆಸಿದವರು ಎದುರುಮನೆಯ ಸೀತಮ್ಮನವರು. ಎಂಬತ್ತು ದಾಟಿದ ಜೀವ. ಒಂದು ಸಂಜೆ ಗೇಟಿನ ಬಳಿ ಅವನನ್ನು ಕರೆದು, "ಫಣೀ, ಬೆಳಿಗ್ಗೆ ದಾಸರ ಪದ ಕೇಳಬೇಕು, ಸಂಜೆ ಸಿಯಾಟಲ್‌ನಲ್ಲಿರೋ ಮಗಳ ಮುಖ ನೋಡಬೇಕು. ಎರಡೇ ಕಣೋ. ಯಾವುದು ತಗೊಳ್ಳಲಿ?" ಎಂದರು. ಫಣಿಯ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ಸ್ಪಷ್ಟವಾದ ಗ್ರಾಹಕರು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅರ್ಧ ಗಂಟೆಯಲ್ಲಿ ಲೆಜರು, ಕನ್ನಡಕ, ಮೂರು ಬಣ್ಣದ ಪೆನ್ನುಗಳ ಸಮೇತ ಅವರ ಜಗುಲಿಯ ಮೇಲೆ ಕೂತಿದ್ದ. ನಾನು ಕಾಫಿಯ ಆಸೆಗೆ ಜೊತೆಗಿದ್ದೆ.

"ಅಮ್ಮಾ, ಇದು ನೋಡಿ. ಕ್ಯಾಮೆರಾ 108 ಮೆಗಾಪಿಕ್ಸೆಲ್."

"ಅಷ್ಟೋತ್ತರ! ಒಳ್ಳೇ ಸಂಖ್ಯೆ ಕಣೋ. ಇದೇ ಇರಲಿ ಬಿಡು."

ಬೇರೆ ಯಾರಾದರೂ ಅಲ್ಲಿಗೇ ಪುಸ್ತಕ ಮುಚ್ಚುತ್ತಿದ್ದರು. ಫಣಿ ಪ್ರಾಮಾಣಿಕ. "ಆದ್ರೆ ಪೂರ್ತಿ 108 ಕೈಗೆ ಬರಲ್ಲಮ್ಮ. ಒಂಬತ್ತೊಂಬತ್ತು ಚುಕ್ಕೆ ಸೇರಿಸಿ ಒಂದು ಮಾಡತ್ತೆ. ಸಾಮಾನ್ಯವಾಗಿ ಬರೋ ಫೋಟೊ 12 ಮೆಗಾಪಿಕ್ಸೆಲ್ಲೇ." ಅಷ್ಟೋತ್ತರಕ್ಕೆಂದು ದಕ್ಷಿಣೆ ಇಸಿದುಕೊಂಡು ದ್ವಾದಶನಾಮದಲ್ಲಿ ಮಂಗಳಾರತಿ ಎತ್ತಿದ ಪುರೋಹಿತರನ್ನು ನೋಡಿದ ಹಾಗೆ ಸೀತಮ್ಮನವರು ಆ ಫೋನಿನ ಚಿತ್ರ ನೋಡಿದರು.

"ಹೋಗಲಿ, ನೀರು ಬಿದ್ರೆ?"

"ಐಪಿ68. ಆರು ಅನ್ನೋದು ಧೂಳಿಗೆ, ಎಂಟು ಅನ್ನೋದು ನೀರಿಗೆ. ಮುಳುಗಿದ್ರೂ ತಡೆಯತ್ತೆ."

"ಕೈಜಾರಿ ಬಿದ್ರೆ?"

"ಬೀಳೋದಕ್ಕೂ ಆ ನಂಬರಿಗೂ ಸಂಬಂಧ ಇಲ್ಲಮ್ಮ."

"ಅಲ್ಲವೋ, ನಾನೇನು ಫೋನನ್ನ ಬಾವಿಗೆ ಹಾಕ್ತೀನಾ? ಕೈಜಾರೋದು ತಾನೇ ನಮ್ಮ ವಯಸ್ಸಿನವರಿಗೆ ಆಗೋದು?"

ಫಣಿ ಕೆಮ್ಮಿ, ಸಂಗೀತದ ಕಡೆ ತಿರುಗಿದ. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಇರುತ್ತದೆ, ತಂತಿಯಿಲ್ಲದ ಎಲ್‌ಡಿಎಸಿ ವಿಧಾನದಲ್ಲಿ ಹೆಚ್ಚೆಂದರೆ 990, ಆದ್ದರಿಂದ ತಂತಿಯೇ ಮೇಲು ಎಂದ. 'ಹೈ-ರೆಸ್' ಚಿಹ್ನೆಯ ಇಯರ್‌ಫೋನು 40 ಸಾವಿರ ಹರ್ಟ್ಸ್‌ವರೆಗೂ ನುಡಿಸುತ್ತದೆ ಎಂದ. ಮನುಷ್ಯನ ಕಿವಿಗೆ ಕೇಳಿಸುವುದೇ 20 ಸಾವಿರದವರೆಗೆ, ಅದೂ ಎಳೆಯ ಕಿವಿಗೆ. ವಯಸ್ಸಾದಂತೆ ಮೇಲಿನ ಸ್ವರಗಳು ಒಂದೊಂದಾಗಿ ಕಳಚುತ್ತವೆ ಎಂದು ನಾನು ಮೆಲ್ಲಗೆ ಸೇರಿಸಿದೆ. ಅಲ್ಲಿಗೆ ಆ ಜಗುಲಿಯ ಆಸುಪಾಸಿನಲ್ಲಿ ಆ ಇಯರ್‌ಫೋನಿನ ಪೂರ್ಣ ಪ್ರಯೋಜನ ಪಡೆಯಬಲ್ಲವನು ಗೇಟಿನ ಹತ್ತಿರ ಮಲಗಿದ್ದ ಬೀದಿನಾಯಿ ಕರಿಯ ಒಬ್ಬನೇ.

"ರೇಡಿಯೋ ಬರತ್ತಾ?" ಎಂದರು ಸೀತಮ್ಮ. 100.1ರ ಅಮೃತವರ್ಷಿಣಿ ಅವರಿಗೆ ಬೇಕೇ ಬೇಕು.

"ಎಫ್‌ಎಂ ಬರಬೇಕಾದ್ರೆ ಇಯರ್‌ಫೋನಿನ ತಂತಿ ಬೇಕು, ಅದೇ ಆಂಟೆನಾ. ತಂತಿ ಸಿಕ್ಕಿಸೋಕೆ ತೂತು ಬೇಕು. ತೂತು..." ಎಂದು ಫಣಿ ಮತ್ತೆ ಗದ್ಗದನಾದ.

ಸ್ವಲ್ಪ ಸುಧಾರಿಸಿಕೊಂಡು ಕೆಂಪು ಗೆರೆಯ ಕೆಳಗೆ, ಬಲಪುಟದಲ್ಲಿ, ಕಾರವಾನ್ ಎಂದು ಬರೆದ. 2017ರಲ್ಲಿ ಸಾರೆಗಾಮಾದವರು 5000 ಹಳೆಯ ಹಿಂದಿ ಹಾಡು ಮೊದಲೇ ತುಂಬಿಸಿ ಮಾರುಕಟ್ಟೆಗೆ ಬಿಟ್ಟ ಪೆಟ್ಟಿಗೆ. ಆಮೇಲೆ ಕನ್ನಡದ್ದೂ ಬಂತು. ನೋಡಲು ಹಳೇ ಟ್ರಾನ್ಸಿಸ್ಟರು. ಗುಣಗಳ ಪಟ್ಟಿಯಲ್ಲಿ 'ಫೋನ್ ಕರೆ ಬರುವುದಿಲ್ಲ' ಎಂದು ಬರೆದ. ದಾಸರ ಪದದ ನಡುವೆ ಯಾರೋ ಸಾಲ ಬೇಕೇ ಎಂದು ಕೇಳುವ ಕಾಟ ಇಲ್ಲ. ಕೊರತೆಗಳ ಪಟ್ಟಿಗೆ ಬಂದು ಪೆನ್ನು ಕಚ್ಚಿದ. ಅಲ್ಲೂ 'ಫೋನ್ ಕರೆ ಬರುವುದಿಲ್ಲ' ಎಂದೇ ಬರೆಯಬೇಕಾಯಿತು, ಮಗಳ ಮುಖ ಕಾಣಬೇಕಲ್ಲ. ಒಂದೇ ಕಲಮು ಜಮೆಗೂ ಖರ್ಚಿಗೂ ಬಂದದ್ದನ್ನು ಅವನ ಬ್ಯಾಂಕು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ.

ಆಗ ಸೀತಮ್ಮನವರು ಕೊನೆಯ ಪ್ರಶ್ನೆ ಕೇಳಿದರು.

"ಇವುಗಳಲ್ಲಿ ಯಾವುದನ್ನ ಮಡೀಲಿ ಮುಟ್ಟಬಹುದೋ?"

ಫಣಿ ಲೆಜರಿನ ಹಿಂದಿನ ಪುಟ ತಿರುವಿದ, ಮುಂದಿನ ಪುಟ ತಿರುವಿದ. ಜಗತ್ತಿನ ಯಾವ ಕಂಪನಿಯೂ ಈ ಬಗ್ಗೆ ಮಾಹಿತಿ ಒದಗಿಸಿರಲಿಲ್ಲ. ಸ್ಕೇಲು ತೆಗೆದು ಕಟ್ಟಕಡೆಗೆ ಒಂದು ಹೊಸ ಕಾಲಂ ಎಳೆದು, ಮೇಲೆ 'ಮಡಿ' ಎಂದು ಬರೆದ. ನಂತರ ಹೊಳೆಯಿತು. "ಫೋನು ಹಾಲ್‌ನಲ್ಲೇ ಇರಲಿ. ದೇವರಮನೇಲಿ ಬ್ಲೂಟೂತ್ ಸ್ಪೀಕರ್ ಇಡೋಣ. ಹತ್ತು ಮೀಟರ್ ತನಕ ಬರತ್ತೆ, ಮುಟ್ಟೋದೇ ಬೇಡ!"

"ಆ ಸ್ಪೀಕರು ಯಾರು ಹಚ್ಚೋರು?"

ಉತ್ತರವಿಲ್ಲ. ಸೀತಮ್ಮನವರೇ ಕರುಣೆಯಿಂದ ಹೇಳಿದರು: "ನಾನು ಹೇಗೂ ಸ್ನಾನಕ್ಕೆ ಹೋಗೋ ಮುಂಚೆ ರೇಡಿಯೋ ಹಚ್ಚಿಟ್ಟೇ ಹೋಗ್ತೀನಿ ಕಣೋ. ಕಾಫಿ ಕುಡಿ, ಆರ್ತಾ ಇದೆ."

ಮುಂದಿನ ತಿಂಗಳು ಸಿಯಾಟಲ್‌ನಿಂದ ಬಂದ ಪರಿಚಯದವರೊಬ್ಬರ ಕೈಯಲ್ಲಿ ಅಳಿಯನ ಹಳೆಯ ಐಫೋನು ಬಂತು. ತೂತಿಲ್ಲ, ಎಫ್‌ಎಂ ಇಲ್ಲ, 108 ಅಂತೂ ಇಲ್ಲವೇ ಇಲ್ಲ. ಸಂಜೆ ಏಳಕ್ಕೆ ಅದರಲ್ಲಿ ಮಗಳ ಮುಖ ಬರುತ್ತದೆ, ಬೆಳಿಗ್ಗೆ ಐದೂವರೆಗೆ ಹಳೆಯ ರೇಡಿಯೋದಲ್ಲಿ ದಾಸರ ಪದ ಬರುತ್ತದೆ. ಫಣಿ ಎರಡನ್ನೂ ಲೆಜರಿಗೆ ಏರಿಸಿದ್ದಾನೆ. 'ಮಡಿ' ಕಾಲಂ ಮಾತ್ರ ಉಳಿದೆಲ್ಲ ಮಾಡೆಲ್ಲುಗಳ ಎದುರು ಖಾಲಿಯಿದೆ; ಒಂದೆರಡು ಕಂಪನಿಗಳಿಗೆ ಕಾಗದ ಬರೆದು ವಿಚಾರಿಸುವ ಆಲೋಚನೆಯೂ ಅವನಿಗಿದೆ.

ನೀವೂ ಫೋನೋ ಹಾಡಿನ ಪೆಟ್ಟಿಗೆಯೋ ಕೊಳ್ಳುವ ಯೋಚನೆಯಲ್ಲಿದ್ದರೆ ಧಾರಾಳವಾಗಿ ಅವನನ್ನು ಕಾಣಿ. ಫೀಸಿಲ್ಲ, ಸಂಜೆ ಆರರ ಮೇಲೆ ಮನೆಯಲ್ಲೇ ಇರುತ್ತಾನೆ. ಕೊಳ್ಳುವ ಮುಂಚೆ ಕೇಳಿದರೆ ನೀವು ಕೊಳ್ಳುವುದಿಲ್ಲ, ಅಷ್ಟು ದುಡ್ಡು ಉಳಿತಾಯ. ಕೊಂಡ ಮೇಲೆ ಮಾತ್ರ ಅವನ ಮುಂದೆ ಜೇಬಿನಿಂದ ತೆಗೆಯಬೇಡಿ. ಮರೆತು ತೆಗೆದರೂ ಎಷ್ಟು ಕೊಟ್ಟಿರೆಂದು ಬಾಯಿ ಬಿಡಬೇಡಿ.