ಅಭಾವಪ್ರಮಾಣ ಮತ್ತು ಐಎಸ್‌ಡಿಎನ್: ಒಂದು ರೌಟರ್ ಮೀಮಾಂಸೆ

‘ಲಿಂಕ್ ಇಲ್ಲ’ ಎಂಬ ಮಾತನ್ನು ಬ್ಯಾಂಕಿನ ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತು ಕೇಳದ ಕನ್ನಡಿಗ ವಿರಳ. ಆದರೆ ಅದರ ತಾತ್ತ್ವಿಕ ಗಾಂಭೀರ್ಯದ ಕಡೆಗೆ ನಮ್ಮ ವಿದ್ವಾಂಸರ ಗಮನ ಹರಿದಂತಿಲ್ಲ. ಇಲ್ಲವೆಂಬುದನ್ನು ಮೊದಲು ಅರಿತವರು ಯಾರು? ಇಲ್ಲದ್ದು ಅವರಿಗೆ ಹೇಗೆ ಕಂಡಿತು? ಅದಿಲ್ಲದಾಗ ಬರಬೇಕಿದ್ದ ಇನ್ನೊಂದು ಏಕೆ ಬರಲಿಲ್ಲ? ಕ್ಯಾಷಿಯರನ್ನು ಗದರಿದ್ದರಿಂದ ಈ ಪ್ರಶ್ನೆಗಳು ಬಗೆಹರಿದ ನಿದರ್ಶನವಿಲ್ಲವಾದ್ದರಿಂದ ಶಾಸ್ತ್ರದ ಮೊರೆ ಹೋಗುವುದು ಅನಿವಾರ್ಯವಾಗಿದೆ.

ವಿಷಯ ಹೀಗಿದೆ. ಈ ಶತಮಾನದ ಮೊದಲ ದಶಕದಲ್ಲಿ ತಾಲ್ಲೂಕು ಊರುಗಳ ಶಾಖೆಗಳೂ ಕೋರ್ ಬ್ಯಾಂಕಿಂಗಿಗೆ ಸೇರಿದಾಗ ದಪ್ಪ ಲೆಡ್ಜರುಗಳು ಅಟ್ಟ ಸೇರಿದವು, ಲೆಕ್ಕವೆಲ್ಲ ದೂರದ ಡೇಟಾ ಸೆಂಟರಿಗೆ ಹೋಯಿತು. ನಡುವೆ ಉಳಿದದ್ದು ಒಂದು ಲೀಸ್ಡ್ ಲೈನ್, ಹಲವು ಕಡೆ ಸೆಕೆಂಡಿಗೆ 64 ಕಿಲೋಬಿಟ್‌ನದು. ಅದು ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲೊಂದು ಐಎಸ್‌ಡಿಎನ್ ಫೋನ್ ಸಂಪರ್ಕ. ಲೈನ್ ಬಿದ್ದ ಕೂಡಲೇ ರೌಟರ್ ತಾನಾಗಿ ಡಯಲ್ ಮಾಡಿ ಕೇಂದ್ರ ಕಚೇರಿಯನ್ನು ಹಿಡಿಯಬೇಕು. ಲೈನ್ ಎದ್ದ ಮೇಲೆ ತಾನಾಗಿ ಫೋನ್ ಇಡಬೇಕು. ಮನುಷ್ಯರ ಕೈ ಎಲ್ಲೂ ಸೋಕಬಾರದು. ಸಂಕಟವೆಲ್ಲ ಈ ಕೊನೆಯ ಷರತ್ತಿನದು.

ಲೈನ್ ಸತ್ತದ್ದು ರೌಟರಿಗೆ ತಿಳಿಯುವ ಬಗೆ ಯಾವುದು? ಚಾರ್ವಾಕರು ಒಪ್ಪುವುದು ಪ್ರತ್ಯಕ್ಷವನ್ನು ಮಾತ್ರ. ರೌಟರಿನ ಈಥರ್ನೆಟ್ ಪೋರ್ಟ್ ಹುಟ್ಟಾ ಚಾರ್ವಾಕ. ತನಗೂ ಪಕ್ಕದ ಮೀಡಿಯಾ ಕನ್ವರ್ಟರಿಗೂ ನಡುವಿನ ಮೊಳದುದ್ದದ ತಂತಿಯಲ್ಲಿ ಸಿಗ್ನಲ್ ಇದ್ದರೆ ಸಾಕು, ಲೋಕವೆಲ್ಲ ಕ್ಷೇಮವೆಂದು ಹಸಿರು ದೀಪ ಉರಿಸಿಕೊಂಡಿರುತ್ತದೆ. ಒಳಚರಂಡಿ ಅಗೆಯಲು ಬಂದ ಜೆಸಿಬಿ ಊರ ಹೊರಗೆ ಅದೇ ಕೇಬಲನ್ನು ಬಕೆಟ್ಟಿನಲ್ಲಿ ಎತ್ತಿ ಹಿಡಿದಿರುವುದು ಅದರ ದರ್ಶನಕ್ಕೆ ಹೊರಗಿನ ಸಂಗತಿ.

ಸೀರಿಯಲ್ ಪೋರ್ಟ್ ಇದಕ್ಕಿಂತ ಓದಿಕೊಂಡದ್ದು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರನೆಯ ಪ್ರಮಾಣ ಅನುಪಲಬ್ಧಿ: ಕಾಣದಿರುವುದರಿಂದಲೇ ಇಲ್ಲದಿರುವುದನ್ನು ಅರಿಯುವುದು. ನೆಲದ ಮೇಲೆ ಗಡಿಗೆ ಕಾಣದು, ಆದ್ದರಿಂದ ಗಡಿಗೆ ಇಲ್ಲ. ಸಿಸ್ಕೊ ರೌಟರಿನ ಸೀರಿಯಲ್ ಪೋರ್ಟ್ ಹತ್ತು ಸೆಕೆಂಡಿಗೊಮ್ಮೆ ಕೀಪ್‌ಅಲೈವ್ ಎಂಬ ಪುಟ್ಟ ಸಂದೇಶ ಕಳಿಸಿ, ಆಚೆಯಿಂದಲೂ ಒಂದು ಬರುವುದನ್ನು ಕಾಯುತ್ತದೆ. ಸತತ ಮೂರು ಸಲ ಉತ್ತರ ಬಾರದಿದ್ದರೆ ಲೈನ್ ಇಲ್ಲವೆಂದು ತೀರ್ಮಾನಿಸುತ್ತದೆ. ಕುಮಾರಿಲಭಟ್ಟನ ಪಂಥಕ್ಕೆ ಗಡಿಗೆ ಒಮ್ಮೆ ಕಾಣದಿದ್ದರೆ ಸಾಕಿತ್ತು. ರೌಟರಿಗೆ ಮೂರು ಸಲ ಬೇಕು. ಅರ್ಧ ನಿಮಿಷದ ಈ ಹೆಚ್ಚುವರಿ ಎಚ್ಚರಿಕೆ ಭಾರತೀಯ ದರ್ಶನಕ್ಕೆ ನೆಟ್‌ವರ್ಕ್ ವಿದ್ಯೆ ಸಲ್ಲಿಸಿದ ಕಾಣಿಕೆಯೆಂಬುದು ನಮ್ಮ ವಿನಮ್ರ ವಾದ. ಪ್ರಾಭಾಕರರು ಅನುಪಲಬ್ಧಿಯನ್ನು ಬೇರೆ ಪ್ರಮಾಣವೆಂದು ಒಪ್ಪುವುದಿಲ್ಲ. ಅವರ ಅನುಕೂಲಕ್ಕೆಂದೇ ‘ನೋ ಕೀಪ್‌ಅಲೈವ್’ ಎಂಬ ಆದೇಶವಿದೆ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನವರು ಪರೀಕ್ಷೆಗೆಂದು ಲೈನನ್ನು ಲೂಪ್ ಮಾಡಿ, ತೆಗೆಯುವುದನ್ನು ಮರೆತು ಊಟಕ್ಕೆ ಹೋಗುವುದುಂಟು. ಆಗ ರೌಟರ್ ಕಳಿಸಿದ್ದೇ ರೌಟರಿಗೆ ಮರಳುತ್ತದೆ. ಅದು ತನ್ನದೇ ದನಿಯೆಂದು ರೌಟರಿಗೆ ಗೊತ್ತಾಗುತ್ತದೆ, ‘ಲೂಪ್ಡ್’ ಎಂದು ಬರೆದೂ ಇಡುತ್ತದೆ, ಆದರೂ ಲೈನ್ ಜೀವಂತವಿದೆ ಎಂದೇ ಸಾಧಿಸುತ್ತದೆ. (ತನ್ನ ಮಾತು ತನಗೇ ಕೇಳಿಸಿದರೆ ಸಂವಾದ ನಡೆಯುತ್ತಿದೆ ಎಂದು ತಿಳಿಯುವುದು ವಿಚಾರಸಂಕಿರಣಗಳಲ್ಲೂ ಕಂಡುಬಂದಿದೆ.) ಈ ಭ್ರಾಂತಿ ಕಳೆಯಲು ‘ಡೌನ್ ವೆನ್ ಲೂಪ್ಡ್’ ಎಂದು ಬೇರೆಯಾಗಿಯೇ ಆಜ್ಞಾಪಿಸಬೇಕು. ಇಲ್ಲದಿದ್ದರೆ ಬ್ಯಾಕಪ್ ಏಳುವುದಿಲ್ಲ. ಊಟಕ್ಕೆ ಹೋದವರು ಬರುವವರೆಗೆ ಶಾಖೆಗೂ ಊಟದ ಹೊತ್ತು.

ಅಭಾವ ಸಿದ್ಧವಾಯಿತೆನ್ನೋಣ. ಇನ್ನು ತಾಳ್ಮೆಯ ಪ್ರಮಾಣ. ‘ಬ್ಯಾಕಪ್ ಡಿಲೇ 10 60’ ಎಂದು ಬರೆದರೆ, ಲೈನ್ ಬಿದ್ದು ಹತ್ತು ಸೆಕೆಂಡಾದ ಮೇಲೆ ಬ್ಯಾಕಪ್ ಏಳುತ್ತದೆ, ಲೈನ್ ಮರಳಿ ಅರವತ್ತು ಸೆಕೆಂಡಾದ ಮೇಲೆ ಮಲಗುತ್ತದೆ. ಎರಡನೆಯ ಅಂಕಿ ಏಕೆ ದೊಡ್ಡದೆಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಆಷಾಢದಲ್ಲಿ ಮಳೆ ನಿಂತ ಕೂಡಲೇ ಕೊಡೆ ಮಡಚುವವರು ಅಲ್ಲಿಲ್ಲ.

ಅನಂತರ ಅಧಿಕಾರಿ ವಿಚಾರ. ಕರೆ ಹಚ್ಚಿಸುವ ಯೋಗ್ಯತೆ ಯಾವ ಪ್ಯಾಕೆಟ್ಟಿಗಿದೆ? ಡಯಲರ್ ಲಿಸ್ಟಿನಲ್ಲಿ ಇದನ್ನು ನಿರ್ಣಯಿಸದೆ ‘ಎಲ್ಲಕ್ಕೂ ಇದೆ’ ಎಂದು ಸಮಾನತೆ ಸಾರಿದವರನ್ನು ಫೋನ್ ಬಿಲ್ಲು ತಿದ್ದಿದೆ. ಯೋಗ್ಯ ಪ್ಯಾಕೆಟ್ ಒಂದೂ ಬಾರದೆ 120 ಸೆಕೆಂಡು ಕಳೆದರೆ ರೌಟರ್ ಫೋನ್ ಇಡುತ್ತದೆ. ಆದರೆ ರಿಪ್ ಪ್ರೋಟೊಕಾಲ್ ಪ್ರತಿ 30 ಸೆಕೆಂಡಿಗೆ ತನಗೆ ಗೊತ್ತಿರುವ ದಾರಿಗಳನ್ನೆಲ್ಲ ಘೋಷಿಸುತ್ತದೆ. ವಿಂಡೋಸ್ ಯಂತ್ರಗಳು ರಾತ್ರಿಯೂ ಒಂದರ ಹೆಸರು ಹಿಡಿದು ಇನ್ನೊಂದು ಕೂಗುತ್ತವೆ. ಇವಕ್ಕೂ ಅಧಿಕಾರ ಕೊಟ್ಟರೆ ಫೋನ್ ಇಡುವ ಗಳಿಗೆ ಬರುವುದೇ ಇಲ್ಲ. ಬೀಗ ಹಾಕಿದ ಶಾಖೆ ಬೆಳಗಾಗುವವರೆಗೆ ಕೇಂದ್ರ ಕಚೇರಿಯೊಂದಿಗೆ ಮಾತಾಡಿರುತ್ತದೆ, ಹಣದ ಸುದ್ದಿ ಒಂದೂ ಎತ್ತದೆ. ಐಎಸ್‌ಡಿಎನ್ನಿನ ಎರಡು ಚಾನೆಲ್‌ಗಳೂ ಎದ್ದಿದ್ದರೆ ಅವು ಎರಡು ಕರೆಗಳು, ಬಿಲ್ಲೂ ಎರಡರದ್ದು.

ದಾರಿಗಳ ನಡುವೆ ಮಧ್ವಮತದ ತಾರತಮ್ಯವನ್ನು ರೌಟರ್ ಅಂಕಿಗಳಲ್ಲಿ ಪಾಲಿಸುತ್ತದೆ, ಅಂಕಿ ಚಿಕ್ಕದಾದಷ್ಟೂ ಸ್ಥಾನ ಮೇಲೆ. ತನಗೇ ಅಂಟಿದ ದಾರಿಗೆ 0, ಕೈಯಾರೆ ಬರೆದ ದಾರಿಗೆ 1, ಒಎಸ್‌ಪಿಎಫ್ ಎಂಬ ಇನ್ನೊಂದು ಪ್ರೋಟೊಕಾಲ್ ಹೇಳಿದ್ದಕ್ಕೆ 110, ರಿಪ್ ಹೇಳಿದ್ದಕ್ಕೆ 120. 255 ಬಂದರೆ ನಿತ್ಯನಾರಕಿ, ಅದರ ಮಾತನ್ನು ರೌಟರ್ ಎಂದೂ ನಂಬುವುದಿಲ್ಲ. ಡಯಲ್ ದಾರಿಗೆ 200 ಕೊಟ್ಟು ಕೆಳಗೆ ಕೂರಿಸಿದರೆ ಮೇಲಿನವರೆಲ್ಲ ಅಳಿದ ಮೇಲೆ ಅದಕ್ಕೆ ಪಟ್ಟ.

ಕರೆ ಹೋಯಿತು, ಕೇಂದ್ರ ಕಚೇರಿ ಎತ್ತಿತು. ಈಗ ಚಾಪ್ ವಿಧಿ: ಆಚೆಯದು ಒಂದು ಸವಾಲು ಎಸೆಯುತ್ತದೆ, ಈಚೆಯದು ಗುಟ್ಟಿನ ಪದವನ್ನು ಬಾಯಿಬಿಡದೆ ಅದರ ಲೆಕ್ಕವನ್ನಷ್ಟೆ ತನ್ನ ಹೆಸರಿನೊಂದಿಗೆ ಒಪ್ಪಿಸುತ್ತದೆ. ಹೆಸರೆಂದರೆ, ಬೇರೆ ಹೇಳದಿದ್ದರೆ, ರೌಟರಿಗೆ ಇಟ್ಟ ಹೆಸರೇ. ಹೀಗೊಂದು ಪ್ರಸಂಗ ಊಹಿಸಿ. 2014ರ ನವೆಂಬರ್ 1ರಂದು ‘ಶಿಮೊಗ’ ಇಂಗ್ಲಿಷಿನಲ್ಲೂ ಶಿವಮೊಗ್ಗವಾಯಿತು. ಅಂದೇ ನಾಡಪ್ರೇಮಿಯೊಬ್ಬ ಅಲ್ಲಿನ ರೌಟರಿನ ಹೆಸರನ್ನೂ ತಿದ್ದಿದ. ಕೇಂದ್ರ ಕಚೇರಿಯ ಪಟ್ಟಿಯಲ್ಲಿ ಹಳೆಯದೇ ಉಳಿಯಿತು. ಲೀಸ್ಡ್ ಲೈನಿನಲ್ಲಿ ಯಾರೂ ಹೆಸರು ಕೇಳುವುದಿಲ್ಲವಾದ್ದರಿಂದ ತಿಂಗಳುಗಟ್ಟಲೆ ಏನೂ ಕೆಡುವುದಿಲ್ಲ. ಲೈನ್ ಬಿದ್ದ ದಿನ ಮಾತ್ರ ಬ್ಯಾಕಪ್ ಕರೆ ಮಾಡಿ, ಹೆಸರು ಹೇಳಿ, ಬೈಸಿಕೊಂಡು ಫೋನ್ ಇಟ್ಟು, ಮತ್ತೆ ಕರೆ ಮಾಡುತ್ತಿರುತ್ತದೆ.

ಐಎಸ್‌ಡಿಎನ್ ಇಲ್ಲದೆಡೆ ಸಾಮಾನ್ಯ ಮೋಡೆಮ್ ಇತ್ತು. ಕಚೇರಿಯ ಇಂಟರ್‌ಕಾಮ್ ದಾಟಲು ಮೊದಲು ಸೊನ್ನೆ ಒತ್ತಿ, ಹೊರಗಿನ ಟೋನ್ ಬರುವವರೆಗೆ ತಡೆಯಬೇಕು. ಅದಕ್ಕಾಗಿ ನಂಬರಿನ ನಡುವೆ ಒಂದು ಅಲ್ಪವಿರಾಮ ಹಾಕುತ್ತಿದ್ದರು. ಅಲ್ಪವಿರಾಮದಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ನಮ್ಮ ವ್ಯಾಕರಣಗಳು ಹೇಳಿಲ್ಲ. ಮೋಡೆಮ್ ಹೇಳಿದೆ: ಎರಡು ಸೆಕೆಂಡು.

ಇಷ್ಟೆಲ್ಲ ಸರಿಯಿದ್ದೂ ಬ್ಯಾಕಪ್ ಬಾರದ ಮಹಾಪ್ರಸಂಗವೊಂದಿದೆ. ಈ ಪ್ರಬಂಧ ಬರೆಯಲು ಅದೇ ಪ್ರೇರಣೆ. ನಕ್ಷೆಯಲ್ಲಿ ಲೀಸ್ಡ್ ಲೈನ್ ಕೆಂಪು ಗೆರೆ, ಐಎಸ್‌ಡಿಎನ್ ನೀಲಿ ಗೆರೆ, ಒಂದಕ್ಕೊಂದು ಸಂಬಂಧವಿಲ್ಲ. ನೆಲದಡಿ ನೋಡಿದರೆ ಶಾಖೆಯಿಂದ ಎಕ್ಸ್‌ಚೇಂಜಿನವರೆಗೆ ಎರಡೂ ಒಂದೇ ಕೇಬಲಿನ ಅಕ್ಕಪಕ್ಕದ ಎರಡು ಜೋಡಿ ತಂತಿಗಳು. ಕಾಗದದಲ್ಲಿ ದ್ವೈತ, ಕಂದಕದಲ್ಲಿ ಅದ್ವೈತ. ಉಡುಪಿಯ ಪಕ್ಷಕ್ಕೂ ಶೃಂಗೇರಿಯ ಪಕ್ಷಕ್ಕೂ ಶತಮಾನಗಳಿಂದ ಮುಗಿಯದ ವಾದವನ್ನು ಜೆಸಿಬಿಯೊಂದು ಎರಡನೆಯವರ ಪರವಾಗಿ ಒಂದೇ ಗುದ್ದಿಗೆ ತೀರ್ಮಾನಿಸುವುದನ್ನು ಕಣ್ಣಾರೆ ನೋಡಬಹುದು. ಎರಡು ಬೇರೆ ಬೇರೆ ಕಂಪನಿಗಳಿಂದ ಲೈನ್ ಕೊಂಡೆವು ಎನ್ನುವವರೂ ಹಿಗ್ಗಬೇಕಿಲ್ಲ. ಬಿಲ್ಲಿನ ಲೆಟರ್‌ಹೆಡ್ ಬೇರೆಯಾದರೆ ಕಂದಕವೂ ಬೇರೆಯೇ ಆಗಬೇಕೆಂದಿಲ್ಲ.

ಇನ್ನೊಬ್ಬ ಪ್ರತಿವಾದಿ ಆಡಿಟರ್. ವರ್ಷವಿಡೀ ಐಎಸ್‌ಡಿಎನ್‌ನಿಂದ ಒಂದು ಕರೆಯೂ ಹೋಗಿಲ್ಲ, ಬಾಡಿಗೆ ಮಾತ್ರ ಹೋಗಿದೆ. ಬಳಕೆ ಕಾಣದು, ಆದ್ದರಿಂದ ಅಗತ್ಯವಿಲ್ಲ, ಕತ್ತರಿಸಿ. ನೋಡಲು ಇದೂ ಅನುಪಲಬ್ಧಿಯೇ. ಆದರೆ ಇದ್ದಿದ್ದರೆ ಕಾಣಬಹುದಾಗಿದ್ದದ್ದು ಕಾಣದಾಗ ಮಾತ್ರ ಅಭಾವ ಸಿದ್ಧವೆಂದು ಮೀಮಾಂಸಕರು ಗೆರೆ ಎಳೆದಿದ್ದಾರೆ. ಕತ್ತಲ ಕೋಣೆಯಲ್ಲಿ ಕಾಣದ ಗಡಿಗೆ ಇಲ್ಲವೆನ್ನುವಂತಿಲ್ಲ. ಸ್ಟ್ಯಾಂಡ್‌ಬೈನಲ್ಲಿ ಮಲಗಿದ ಪೋರ್ಟಿನಿಂದ ಕರೆ ಕಾಣದಿದ್ದರೆ ಮುಖ್ಯ ಲೈನ್ ಚೆನ್ನಾಗಿತ್ತೆಂದಾಗಬಹುದು, ಬ್ಯಾಕಪ್ ಎಂದೋ ಸತ್ತಿದೆಯೆಂದೂ ಆಗಬಹುದು. ಲೈನನ್ನು ಬೇಕೆಂದೇ ಬೀಳಿಸಿ ನೋಡದೆ ಎರಡರ ನಡುವೆ ನಿರ್ಣಯವಿಲ್ಲ.

ಬೀಳಿಸುವವನು ಸಾಮಾನ್ಯವಾಗಿ ದೂರದ ಕೇಂದ್ರ ಕಚೇರಿಯಲ್ಲಿ ಕೂತಿರುತ್ತಾನೆ. ಯಾವ ಲೈನಿನ ಮೂಲಕ ಶಾಖೆಯ ರೌಟರನ್ನು ಹೊಕ್ಕಿದ್ದಾನೋ ಅದನ್ನೇ ಬೀಳಿಸಬೇಕು. ಆದ್ದರಿಂದ ಬಲ್ಲವರು ಮೊದಲು ‘ರೀಲೋಡ್ ಇನ್ 10’ ಎಂದು ಬರೆದು ಅನಂತರ ಲೈನನ್ನು ಬೀಳಿಸುತ್ತಾರೆ, ಸೇವ್ ಮಾತ್ರ ಮಾಡುವುದಿಲ್ಲ. ಬ್ಯಾಕಪ್ ಬಂದರೆ ಸರಿ. ಬಾರದಿದ್ದರೆ ಹತ್ತು ನಿಮಿಷಕ್ಕೆ ರೌಟರ್ ತಾನೇ ಮಲಗಿ ಎದ್ದು, ಆಗಿದ್ದನ್ನು ಮರೆತು, ಹಳೆಯ ಲೈನನ್ನೇ ಹಿಡಿಯುತ್ತದೆ. ಆ ಹತ್ತು ನಿಮಿಷದಲ್ಲಿ ಮ್ಯಾನೇಜರರ ಮೊಬೈಲ್ ಕರೆ ಬರುವುದು ಖಚಿತ.

“ಏನ್ರೀ, ಲಿಂಕ್ ಹೋಯ್ತಲ್ಲ?”

“ನೋಡ್ತಾ ಇದೀನಿ ಸಾರ್. ಒಂದ್ ಹತ್ ನಿಮಿಷ.”

ಹತ್ತು ನಿಮಿಷದ ಮೇಲೆ:

“ಬಂತು ಕಣ್ರೀ! ಏನ್ ಮಾಡಿದ್ರಿ?”

“ಏನೂ ಮಾಡಿಲ್ಲ ಸಾರ್.”

“ಸದ್ಯ. ಇನ್ನೂ ಏನೂ ಮಾಡ್ಬೇಡಿ, ಕ್ಯಾಶ್ ಕ್ಲೋಸ್ ಆಗೋವರೆಗೆ.”